ಸೊನ್ನೆ ನಲವತ್ತು

ಐನೂರ ನಲವತ್ತು ಎಂಬ ಸಂಖ್ಯೆ ಒಬ್ಬರಿಗೆ ಮಾಡಿದ ಅವಮಾನವಾಗಿರಬಹುದು ಎಂದು ಅವನಿಗೆ ಹೊಳೆದದ್ದು ಹಲ್ಲುಜ್ಜುವಾಗ. ಕನ್ನಡಿಯೊಳಗೆ ನೊರೆ ತುಂಬಿದ ತನ್ನದೇ ಬಾಯಿ ತನಗೇ ಏನನ್ನೋ ಹೇಳುತ್ತಿರುವಂತೆ ಕಂಡಿತು. ಸನ್ಮಾನವೆಂದೇ ಕೊಟ್ಟಿದ್ದ. ಇಡೀ ವಿಶ್ವವಿದ್ಯಾಲಯದಲ್ಲಿ ಕೋರ್ಸುಗಳಿಗೆ ಸಂಖ್ಯೆ ಹಚ್ಚುವ ಕೆಲಸ ಅವನದು. ಹುದ್ದೆಯಿಂದ ಉಪಕುಲಸಚಿವ, ಬೆನ್ನ ಹಿಂದೆ ನಂಬರಪ್ಪ. ಪದಕ ಕೊಡುವ ಅಧಿಕಾರ ಅವನಿಗಿರಲಿಲ್ಲ, ಬಡ್ತಿ ಕೊಡುವುದಂತೂ ದೂರದ ಮಾತು. ಇದ್ದದ್ದು ಸಂಖ್ಯೆ. ಮೆಚ್ಚಿದವರಿಗೆ ಮನುಷ್ಯ ತನ್ನಲ್ಲಿರುವುದನ್ನೇ ತಾನೇ ಕೊಡಬೇಕು? ಹಾಗೆ ಕೊಟ್ಟಿದ್ದು ಈಗ ಒಂದು ತರಗತಿಯ ಕುತ್ತಿಗೆಗೆ ಬಂದಿತ್ತು, ಮಧ್ಯಾಹ್ನದ ಸಮಿತಿಯಲ್ಲಿ ಅದನ್ನು ಮುಚ್ಚುವ ಪ್ರಸ್ತಾಪವಿತ್ತು, ಪ್ರಸ್ತಾಪವನ್ನು ಅಚ್ಚುಕಟ್ಟಾಗಿ ಟೈಪು ಮಾಡಿಸಿ ಸದಸ್ಯರಿಗೆಲ್ಲ ಕಳಿಸಿದವನೂ ತಾನೇ ಎಂದು ನೆನೆಯುತ್ತಿರುವಾಗ ಬಚ್ಚಲ ಬಾಗಿಲಲ್ಲಿ ಹೆಂಡತಿಯ ಮುಖ ಕಾಣಿಸಿತು. ಅವಳು ಆಗಿನಿಂದ ಮಾತಾಡುತ್ತಿದ್ದಳೆಂಬುದು ಅವಳ ಹುಬ್ಬಿನಿಂದ ತಿಳಿಯಿತು.

"ರೀ, ನಲ್ಲಿ ಹರೀತಾನೇ ಇದೆ! ಕೇಳಿಸಲ್ವಾ ನಿಮಗೆ?"

"ಕೇಳಿಸ್ತು. ನಿಲ್ಲಿಸೋನೇ ಇದ್ದೆ."

"ಹೂಂ, ನಿಮ್ಮದು ಜಾಣಕಿವುಡು. ತವರುಮನೆಗೆ ಹೋಗ್ತೀನಿ ಅಂತ ಅಡುಗೆಮನೇಲಿ ಗೊಣಗಿದ್ರೆ ಮಾತ್ರ ಬೀದಿ ಕೊನೇಲಿದ್ರೂ ಕೇಳಿಸುತ್ತೆ."

ಜಾಣಕಿವುಡು ಎಂಬ ಮಾತು ಅವನಿಗೆ ಈಚೆಗೆ ದೊಡ್ಡ ಆಸರೆಯಾಗಿತ್ತು. ಬರೀ ಕಿವುಡನಾಗಿರುವುದಕ್ಕಿಂತ ಜಾಣಕಿವುಡನಾಗಿರುವುದು ಎಷ್ಟೋ ಮರ್ಯಾದಸ್ಥ ಹುದ್ದೆ; ಅದರಲ್ಲಿ ಕಿವಿಯ ಸೋಲೆಲ್ಲ ಬುದ್ಧಿಯ ಖಾತೆಗೆ ಜಮೆಯಾಗುತ್ತದೆ. ಎದುರಿಗೆ ಕೂತು ಒಬ್ಬರು ಮಾತಾಡಿದರೆ ಅವನಿಗೆ ಅಷ್ಟೇನೂ ತೊಂದರೆಯಿರಲಿಲ್ಲ. ನಾಲ್ಕು ಜನ ಸೇರಿದರೆ ಮಾತು ಕಲಸಿಹೋಗುತ್ತಿತ್ತು, ಬಟ್ಟೆಯಂಗಡಿಯಲ್ಲಿ ಎಲ್ಲ ಥಾನುಗಳನ್ನೂ ಒಮ್ಮೆಲೇ ಬಿಚ್ಚಿ ಹರವಿದಂತೆ: ಬಣ್ಣ ಗೊತ್ತಾಗುತ್ತದೆ, ಯಾವುದು ಯಾವ ಬಟ್ಟೆಯೆಂದು ಗೊತ್ತಾಗುವುದಿಲ್ಲ. ಆಗ ನಗಬೇಕಾದಲ್ಲಿ ನಗುತ್ತಿದ್ದ, ಅಂದರೆ ಉಳಿದವರು ನಕ್ಕ ಕೂಡಲೇ. ಈ ತಡ ಎಷ್ಟು ಚಿಕ್ಕದೆಂದರೆ ಅದನ್ನು ಗಾಂಭೀರ್ಯವೆಂದು ತಿಳಿದವರಿದ್ದರು.

ಕಚೇರಿಗೆ ಹೋಗುವ ದಾರಿಯಲ್ಲಿ, ಪಾಠದ ಕೋಣೆಗಳ ಬಾಗಿಲಿಗೆ ಅಂಟಿಸಿದ ವೇಳಾಪಟ್ಟಿಗಳನ್ನು ಓದುತ್ತ ನಡೆಯುವುದು ಅವನ ರೂಢಿ. ಓದಿದಂತೆ ಮನಸ್ಸು ತಹಬದಿಗೆ ಬರುತ್ತಿತ್ತು. ಮೊದಲ ಅಂಕಿ ನೋಡಿದರೆ ಸಾಕು. ಒಂದಾದರೆ ಈಗಷ್ಟೇ ಬಂದ ಹುಡುಗರದು, ನಾಲ್ಕಾದರೆ ಪದವಿಯ ಹೊಸ್ತಿಲಲ್ಲಿ ನಿಂತವರದು. ಐದರಿಂದ ಮೇಲೆ ಸ್ನಾತಕೋತ್ತರ, ಏಳೆಂದರೆ ಸಂಶೋಧನೆ, ಅಲ್ಲಿ ಗುರುವಿಗೂ ಶಿಷ್ಯನಿಗೂ ಒಟ್ಟಿಗೇ ದಾರಿ ತಪ್ಪುವ ಸ್ವಾತಂತ್ರ್ಯವಿದೆ. ಹಿಂದಿನ ಮೆಟ್ಟಿಲು ಹತ್ತದವನಿಗೆ ಮುಂದಿನದರಲ್ಲಿ ಕಾಲಿಡಲು ಬಿಡುವುದಿಲ್ಲ. ಎಂಥ ನ್ಯಾಯ ಎಂದು ಅವನಿಗೆ ಇಷ್ಟು ವರ್ಷವಾದರೂ ಬೆರಗು. ಮನುಷ್ಯರೂ ಹೀಗೆ ಹಣೆಯ ಮೇಲೆ ಒಂದು ಅಂಕಿ ಬರೆದುಕೊಂಡು ಓಡಾಡುವಂತಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತು! ತನ್ನ ಅತ್ತೆಯನ್ನು ಅವನು ಮನಸ್ಸಿನಲ್ಲೇ ಏಳುನೂರರಲ್ಲಿಟ್ಟಿದ್ದ. ಅವರೊಂದಿಗೆ ಮಾತಿಗೆ ಕೂರಲು ಬೇಕಾದ ಪೂರ್ವಸಿದ್ಧತೆ ಮದುವೆಯಾಗಿ ಇಷ್ಟು ಕಾಲವಾದರೂ ಅವನಿಗೆ ದಕ್ಕಿರಲಿಲ್ಲ. ಸೊನ್ನೆಯಿಂದ ಶುರುವಾಗುವ ಕೋರ್ಸುಗಳು ಮಾತ್ರ ಈ ಏಣಿಯಲ್ಲಿ ಎಲ್ಲೂ ನಿಲ್ಲುತ್ತಿರಲಿಲ್ಲ. ಅವಕ್ಕೆ ಕ್ರೆಡಿಟ್ಟಿಲ್ಲ, ಪರೀಕ್ಷೆಯಿಲ್ಲ, ಅಂಕಪಟ್ಟಿಯಲ್ಲಿ ಜಾಗವಿಲ್ಲ. ಬೀದಿಯಲ್ಲಿ ಹೋಗುತ್ತಿದ್ದವರೂ ನೇರವಾಗಿ ಒಳಗೆ ಬಂದು ಕೂರಬಹುದು. ದೊಡ್ಡವರಿಗೆ ಈಜು, ಭಿನ್ನರಾಶಿ ಕಂಡರೆ ಬೆವರುವವರಿಗೆ ಲೆಕ್ಕ, ಅರ್ಜಿ ಬರೆಯಲು ಬಾರದವರಿಗೆ ಬರವಣಿಗೆ. ಯಾವ ವಿಭಾಗವೂ ಇವನ್ನು ತನ್ನವು ಎನ್ನುತ್ತಿರಲಿಲ್ಲವಾದ್ದರಿಂದ ಮೇಲ್ವಿಚಾರಣೆ ಅವನ ಕಚೇರಿಗೆ ಬಿದ್ದಿತ್ತು. ಆಗಾಗ ಹೋಗಿ ನೋಡಿ, ಇದರ ಅಗತ್ಯ ಇನ್ನೂ ಇದೆಯೇ ಎಂದು ಬರೆಯಬೇಕು. ಬೇರೆಯವರಾಗಿದ್ದರೆ ಕೂತಲ್ಲೇ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಅವನು ಹೋಗುತ್ತಿದ್ದ. ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಸೊನ್ನೆಗಳನ್ನು ಕಂಡರೆ ಅವನಿಗೆ, ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಅಕ್ಕರೆ.

ಹಾಗೆ ಹೋದ ವರ್ಷ ಹೋಗಿ ಕೂತದ್ದು ಸೊನ್ನೆ ನಲವತ್ತರಲ್ಲಿ. ಮಾತನ್ನು ತುಟಿಯಿಂದ ಓದುವುದು, ಎಂದಿತ್ತು ಪಟ್ಟಿಯಲ್ಲಿ. ಮೊಗಸಾಲೆಯ ತುದಿಯ ಕೋಣೆ, ಕಿಟಕಿಗಳು ಎತ್ತರ. ಕಲಿಸುವವರು ಧ್ವನಿವಿಜ್ಞಾನದ ಮೇಡಂ. ನಾಲಿಗೆ ಬಾಯೊಳಗೆ ಎಲ್ಲೆಲ್ಲಿ ತಾಗಿ ಬರುತ್ತದೆ ಎಂಬುದರ ಮೇಲೆ ದಪ್ಪ ಪುಸ್ತಕ ಬರೆದವರು, ಏಳುನೂರರ ಮಟ್ಟದಲ್ಲಿ ಪಾಠ ಮಾಡುವವರು. ಅವರು ಕಿಟಕಿಗೆ ಮುಖಮಾಡಿ, ಬೆಳಕೆಲ್ಲ ತಮ್ಮ ಬಾಯಿಯ ಮೇಲೆ ಬೀಳುವಂತೆ ನಿಂತು, ದನಿಯಿಲ್ಲದೆ ಮಾತಾಡುತ್ತಿದ್ದರು. ಎದುರಿಗೆ ಎಂಜಿನ್ನಿನ ಪಕ್ಕ ಕೂತೂ ಕೂತೂ ಕಿವಿ ಕಳೆದುಕೊಂಡ ನಿವೃತ್ತ ಬಸ್ ಡ್ರೈವರು, ಜ್ವರದಲ್ಲಿ ಕಿವಿ ಹೋದ ದರ್ಜಿಯಮ್ಮ, ಮೊಮ್ಮಕ್ಕಳ ಮಾತು ತಿಳಿಯಬೇಕೆಂದು ಬಂದ ಒಬ್ಬರು ಅಜ್ಜಿ, ಇನ್ನೂ ಕೆಲವರು. ಮೇಡಂ ತುಟಿ ಕೂಡಿಸಿ ಬಿಟ್ಟರು. ಡ್ರೈವರು ಇಡೀ ಮೊಗಸಾಲೆಗೆ ಕೇಳುವಂತೆ "ಅಪ್ಪ!" ಎಂದ. ದರ್ಜಿಯಮ್ಮ "ಅಲ್ಲ, ಅಮ್ಮ" ಎಂದಳು.

"ಇಬ್ಬರೂ ಸರಿ," ಎಂದರು ಮೇಡಂ, ಈಗ ದನಿಯಲ್ಲಿ. "ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತೆ. ತುಟಿ ಹೇಳೋದು ಅಷ್ಟೇ. ಮಿಕ್ಕಿದ್ದನ್ನ ಮನೇಲಿ ಯಾರು ಬದುಕಿದಾರೆ ನೋಡ್ಕೊಂಡು ಊಹಿಸ್ಬೇಕು."

ಅಜ್ಜಿ ಬಾಯಿಗೆ ಸೆರಗು ಮುಚ್ಚಿ ನಕ್ಕರು. ಅವನೂ ನಕ್ಕ, ಮತ್ತು ಉಳಿದವರಿಗಿಂತ ತಡವಾಗಿ ನಗಲಿಲ್ಲ ಎಂಬುದು ಆಮೇಲೆ ಗಮನಕ್ಕೆ ಬಂತು. ಒಂದು ಕೋಣೆಯಲ್ಲಿ ಅಷ್ಟು ಜನರ ನಡುವೆ ಕೂತು ಒಂದು ಮಾತೂ ಕೈತಪ್ಪದೆ ಹೋದದ್ದು ಯಾವ ಕಾಲದ ಮಾತೋ. ಮೇಡಂ ಯಾರಿಗೂ ಬೆನ್ನು ಹಾಕಿ ಮಾತಾಡುತ್ತಿರಲಿಲ್ಲ. ಹಲಗೆಯ ಮೇಲೆ ಬರೆಯುವಾಗ ಬಾಯಿ ಮುಚ್ಚಿಕೊಂಡು ಬರೆದು, ತಿರುಗಿ, ಒಬ್ಬೊಬ್ಬರ ಕಣ್ಣನ್ನೂ ಒಟ್ಟುಗೂಡಿಸಿಕೊಂಡ ಮೇಲೆ ಶುರುಮಾಡುತ್ತಿದ್ದರು. ತಪ್ಪು ಹೇಳಿದವರಿಗೆ ಅಯ್ಯೋ ಎನ್ನುತ್ತಿರಲಿಲ್ಲ, ಭೇಷ್ ಎಂದು ಬೆನ್ನು ತಟ್ಟುತ್ತಲೂ ಇರಲಿಲ್ಲ. "ಇನ್ನೊಂದ್ಸಲ," ಎನ್ನುತ್ತಿದ್ದರು, ಅಕ್ಕಿ ಅಳೆಯುವವರ ಹಾಗೆ, ಎಷ್ಟು ಸಲವಾದರೂ ಅದೇ ಮುಖದಲ್ಲಿ. ಅವನು ಹೊರಗೆ ಬಂದವನೇ, ಎದೆ ತುಂಬಿದ ಬಿಸಿಯಲ್ಲಿ, ಇಂಥ ಕೋರ್ಸು ಸೊನ್ನೆಯಲ್ಲಿರುವುದು ವಿಶ್ವವಿದ್ಯಾಲಯಕ್ಕೇ ಶೋಭೆಯಲ್ಲವೆಂದು ಬರೆದ. ಬರೆಯುವ ಮೊದಲು ಮೇಡಂಗೆ ಹೇಳಿದ್ದ. ಅವರು, "ನಂಬರ್ ಯಾಕೆ ಸಾರ್, ಹೀಗೇ ಇರಲಿ ಬಿಡಿ," ಎಂದಿದ್ದರು. ದೊಡ್ಡವರು ಸನ್ಮಾನ ಬೇಡವೆನ್ನುವುದು ಸಹಜ. ಬೇಡವೆಂದವರಿಗೇ ಕೊಡಬೇಕು, ಅದೇ ಸನ್ಮಾನದ ಲಕ್ಷಣ ಎಂದುಕೊಂಡ. ಸಮಿತಿ ಒಪ್ಪಿತು. ಸೊನ್ನೆ ನಲವತ್ತು ಐನೂರ ನಲವತ್ತಾಯಿತು.

ಆದದ್ದಿಷ್ಟೇ, ಐನೂರರ ಕೋರ್ಸಿಗೆ ಬರಬೇಕಾದರೆ ಪದವಿ ಆಗಿರಬೇಕು. ಇದು ಅವನಿಗೆ ಗೊತ್ತಿಲ್ಲದ ಸಂಗತಿಯೇ? ನಿಯಮ ತಿದ್ದಿ ತೀಡಿದವನೇ ಅವನು. ಸಂಖ್ಯೆಯ ಸೊಬಗಿನಲ್ಲಿ ಕಣ್ಣು ನೆಟ್ಟಿದ್ದಾಗ ಅದರ ಕೆಳಗೆ ಬಾಗಿಲು ಹಾಕಿಕೊಂಡದ್ದು ಕಾಣಲಿಲ್ಲ. ಹೊಸ ವರ್ಷದ ಪ್ರವೇಶದ ದಿನ ಕೆಳಗಿನ ಕೌಂಟರಿನಲ್ಲಿ ಡ್ರೈವರು ಕೂಗುತ್ತಿದ್ದದ್ದು ಅವನಿಗೂ ಕೇಳಿಸಿತ್ತು. ಅದೊಂದು ದನಿ ಅವನಿಗೆ ಸದಾ ಕೇಳಿಸುತ್ತಿತ್ತು. "ಪದವಿ ಇದ್ಯಾ ಅಂತಾನಲ್ಲ ಸ್ವಾಮಿ! ಕಿವಿ ಹೋಗಿದೆ ಕಣಪ್ಪಾ ಅಂದ್ರೆ ಪದವಿ ಇದ್ಯಾ ಅಂತಾನೆ! ಕಿವಿ ಕೆಡೋಕೂ ಬಿ.ಎ. ಮಾಡಿರ್ಬೇಕೇನ್ರೀ?" ಮೆಟ್ಟಿಲಿಳಿದು ಹೋಗಿ ಒಂದು ಮಾತಾಡಬಹುದಾಗಿತ್ತು. ಅವನು ತನ್ನ ಕೋಣೆಯ ಬಾಗಿಲು ಮುಚ್ಚಿದ. ಮುಚ್ಚಿದ ಬಾಗಿಲ ಹಿಂದೆ ನಿಂತು, ಜೀವಮಾನದಲ್ಲಿ ಮೊದಲ ಸಲ, ತನ್ನ ಕಿವಿ ಇನ್ನೂ ಸ್ವಲ್ಪ ಮಂದವಾಗಿದ್ದರೆ ಒಳ್ಳೆಯದಿತ್ತು ಎಂದುಕೊಂಡ.

ಇವತ್ತು ಆ ಕೋಣೆಯಲ್ಲಿ ಇಬ್ಬರೇ ಇದ್ದರು. ಇಬ್ಬರದೂ ಸೂಜಿ ಬಿದ್ದರೆ ಕೇಳುವ ಕಿವಿ. ಸುಲಭಕ್ಕೆ ಅಂಕ ಸಿಗುತ್ತದೆ, ವೇಳೆಯೂ ಹೊಂದುತ್ತದೆ ಎಂದು ಸೇರಿದವರು. ಮೇಡಂ ಈಗಲೂ ಅದೇ ಬೆಳಕಿನಲ್ಲಿ ನಿಂತು, ಅಷ್ಟೇ ಜತನದಿಂದ ತುಟಿಯಾಡಿಸುತ್ತಿದ್ದರು. ಅವನು ಬಾಗಿಲಲ್ಲೇ ನಿಂತು ನೋಡಿದ. ಖಾಲಿ ಮನೆಯಲ್ಲಿ ಇಡೀ ಬಳಗಕ್ಕೆ ಬಡಿಸುವವರ ಹಾಗೆ ಕಂಡರು. ಹುಡುಗಿಯೊಬ್ಬಳು ಕೈಯೆತ್ತಿದಳು.

"ಮೇಡಂ, ಇದು ಪರೀಕ್ಷೆಗೆ ಬರುತ್ತಾ?"

"ಬರುತ್ತೆ," ಎಂದರು ಮೇಡಂ. "ನಿಮಗೆ ಅರವತ್ತಾದಾಗ."

ಪಾಠ ಮುಗಿದು ಅವರಿಬ್ಬರೂ ಹೋದ ಮೇಲೆ ಅವನು ಒಳಗೆ ಬಂದು, ಕೈಯಲ್ಲಿದ್ದ ಕಡತವನ್ನು ಎದೆಗೆ ಅಡ್ಡ ಹಿಡಿದು, ಮಧ್ಯಾಹ್ನ ಸಮಿತಿಯಿದೆ ಎಂದ.

"ಗೊತ್ತು. ಮುಚ್ತೀರಾ?"

"ಐದು ಜನ ಇಲ್ಲದಿದ್ರೆ ಸ್ನಾತಕೋತ್ತರ ಕೋರ್ಸನ್ನ ರದ್ದು ಮಾಡ್ಲೇಬೇಕು ಮೇಡಂ. ನಿಯಮ. ನಾನು ಅದನ್ನ ಮೇಲಕ್ಕೆ ತಂದಿದ್ದು ಗೌರವಕ್ಕೆ ಅಂತ. ನಿಜವಾಗ್ಲೂ."

"ನಿಮ್ಮ ಮನಸ್ಸು ನನಗೆ ಗೊತ್ತಿಲ್ವಾ? ಆದ್ರೂ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬಾವಿಗೆ ಗೌರವ ಕೊಡ್ಬೇಕು ಅಂತ ಅದನ್ನ ತಗೊಂಡು ಅಟ್ಟದ ಮೇಲಿಟ್ರೆ ನೀರು ಸೇದೋರು ಏನ್ಮಾಡ್ಬೇಕು ಸಾರ್?"

ಮೇಡಂ ಹಲಗೆ ಒರೆಸಿದರು, ಕೈಯ ಸೀಮೆಸುಣ್ಣದ ಪುಡಿ ಕೊಡವಿಕೊಂಡರು. ತಿರುಗಿ ಅವನ ಕಣ್ಣು ಹಿಡಿದರು. ಆಮೇಲೆ, ಮಳೆ ಬರುತ್ತಾ ಎಂದು ಕೇಳುವಷ್ಟು ಸಲೀಸಾಗಿ, "ನಿಮ್ದು ಎಡಗಿವೀನಾ, ಬಲಗಿವೀನಾ?" ಎಂದರು.

"ನೆಗಡಿ," ಎಂದ ಅವನು.

"ಓ, ನೆಗಡಿ." ಅವರು ತಮ್ಮ ಚೀಲ ಹೆಗಲಿಗೇರಿಸಿದರು. "ಅದಕ್ಕೆ ನನ್ನ ಹತ್ರ ಪಾಠ ಇಲ್ಲ."

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು, ತಲೆಯ ಮೇಲೆ ಗುರುಗುಡುವ ಹಳೆಯ ಫ್ಯಾನು. ಅವನು ಕಾರ್ಯದರ್ಶಿಯ ಕುರ್ಚಿಯಲ್ಲಿ ಕೂತು ಕಾಗದ ಸರಿಪಡಿಸಿಕೊಂಡ. ಈ ಕೋಣೆಯಲ್ಲಿ ಆಡುವ ಮಾತಿನಲ್ಲಿ ಅರ್ಧ ಅವನಿಗೆ ಸಿಗುವುದು ನಿಂತು ಎರಡು ವರ್ಷವಾಗಿತ್ತು. ಆ ಅರ್ಧ ಫ್ಯಾನಿನ ಪಾಲು. ಆದರೂ ಸಭೆಯ ನಡಾವಳಿ ಬರೆಯುವುದರಲ್ಲಿ ಅವನಿಗೆ ಸಮನಿಲ್ಲವೆಂದು ಹೆಸರಿತ್ತು. ಯಾರು ಯಾವ ವಿಷಯಕ್ಕೆ ಏನು ಹೇಳುತ್ತಾರೆಂಬುದು ಸುಮಾರಾಗಿ ಗೊತ್ತಿರುವುದೇ. ಮಿಕ್ಕಿದ್ದನ್ನು, ಅವರು ಹೇಳಬೇಕಾಗಿದ್ದದ್ದು ಏನು ಎಂದು ಯೋಚಿಸಿ ಬರೆಯುತ್ತಿದ್ದ. ಹೀಗಾಗಿ ನಡಾವಳಿ ಸಭೆಗಿಂತ ಯಾವಾಗಲೂ ಹೆಚ್ಚು ವಿವೇಕವಾಗಿರುತ್ತಿತ್ತು. ಮುಂದಿನ ಸಭೆಯಲ್ಲಿ ಸದಸ್ಯರು ಅದನ್ನು ಓದಿ, ತಾವು ಇಷ್ಟು ಚೆನ್ನಾಗಿ ಮಾತಾಡಿದ್ದೆವೇ ಎಂದು ಒಳಗೊಳಗೇ ಹಿಗ್ಗಿ, ಸ್ಥಿರೀಕರಿಸುತ್ತಿದ್ದರು. ಅಧ್ಯಕ್ಷರದೊಂದೇ ಪಜೀತಿ. ಮಾತಾಡುವಾಗ ಪೆನ್ನನ್ನು ತುಟಿಗೆ ಅಡ್ಡ ಹಿಡಿಯುವುದು ಅವರ ಅಭ್ಯಾಸ. ದನಿಯೂ ಮೆಲು, ಕಾಣುವುದೂ ಇಲ್ಲ.

ಐನೂರ ನಲವತ್ತರ ಸರದಿ ಬಂತು. ಅವನು ಎದ್ದು ನಿಂತ. ಕಾರ್ಯದರ್ಶಿ ಎದ್ದು ನಿಲ್ಲುವ ಪದ್ಧತಿಯಿಲ್ಲದ್ದರಿಂದ ಕೆಲವರು ಚಹಾ ಬಂತೇ ಎಂದು ಬಾಗಿಲ ಕಡೆ ನೋಡಿದರು. ರದ್ದು ಮಾಡುವ ಬದಲು ಮತ್ತೆ ಸೊನ್ನೆಗೆ ಇಳಿಸಬೇಕೆಂದು ಕೋರಿದ.

ಕಾನೂನಿನ ಮೇಷ್ಟ್ರು ಅವನ ಪಕ್ಕದಲ್ಲೇ ಇದ್ದರು. ನ್ಯಾಯಾಲಯದ ದನಿ, ಗೋಡೆಗೆ ಕಿವಿಯಿಲ್ಲದಿದ್ದರೂ ಕೇಳುವಂಥದ್ದು. "ಇಳಿಸೋದಾ? ಕ್ರೆಡಿಟ್ ಕೊಟ್ಟ ಕೋರ್ಸನ್ನ ಇಳಿಸೋಕೆ ನಿಮ್ಮ ನಿಯಮದಲ್ಲಿ ಜಾಗವೇ ಇಲ್ಲ ಮಾರಾಯ್ರೇ. ಹತ್ತೋಕೆ ಏಣಿ ಇಟ್ಟಿದೀರಿ, ಇಳಿಯೋಕೆ ಇಟ್ಟಿಲ್ಲ."

"ಹಾಗಾದ್ರೆ ಇದು ಹೋಗಲಿ. ಸೊನ್ನೆಯಲ್ಲಿ ಹೊಸದಾಗಿ ಒಂದು ತೆರೀಬಹುದಲ್ಲ ಸಾರ್?"

"ತೆರೀಬಹುದು. ಅಗತ್ಯ ಇದೆ ಅಂತ ಮೇಲ್ವಿಚಾರಕರು ತೋರಿಸ್ಬೇಕು. ಅದೂ ನೀವೇ ತಾನೇ? ತೋರಿಸಿ. ಯಾರಿಗೆ ಅಗತ್ಯ?"

ಅವನು ಡ್ರೈವರನ ವಿಷಯ ಹೇಳಿದ, ದರ್ಜಿಯಮ್ಮನದು ಹೇಳಿದ, ಅಜ್ಜಿಯದು ಹೇಳಿದ. ಮೇಜಿನ ಆ ತುದಿಯಲ್ಲಿ ಅಧ್ಯಕ್ಷರ ಪೆನ್ನು ಸ್ವಲ್ಪ ಅಲುಗಿತು. ಯಾರೋ ನಕ್ಕರು. ಕಾನೂನಿನ ಮೇಷ್ಟ್ರು ಅವನ ಕಡೆ ತಿರುಗಿ ಅನುವಾದಿಸುವವರಂತೆ ಹೇಳಿದರು: "ಊರಿನ ಕಿವಿಗೆಲ್ಲ ನಾವೇನು ಹೊಣೆಯಾ ಅಂತಾರೆ. ನಮ್ಮ ವಿಶ್ವವಿದ್ಯಾಲಯದೊಳಗೆ ಯಾರಾದ್ರೂ ಒಬ್ಬರಿಗೆ ಬೇಕಿದ್ರೆ ಹೇಳಿ, ನೋಡೋಣ."

ಒಳಗೆ ಯಾರಾದರೂ ಒಬ್ಬರು. ಇದಕ್ಕೆ ಅವನು ಬೇರೆಯವರ ಹೆಸರು ಹುಡುಕಿದ. ಗ್ರಂಥಾಲಯದ ಆ ಮುದುಕರು, ಅವರು ನಿವೃತ್ತರಾದರು. ಗೇಟಿನ ಕಾವಲುಗಾರ, ಅವನಿಗೆ ಕೇಳುತ್ತದೆ, ಎದ್ದು ಬರುವ ಮನಸ್ಸಿಲ್ಲ ಅಷ್ಟೇ. ಮನಸ್ಸು ಹೀಗೆ ಕಟ್ಟಡದ ಕೋಣೆ ಕೋಣೆಯನ್ನೂ ತಟ್ಟಿ ಬರುತ್ತಿರುವಾಗ, ಮೈ ಮಾತ್ರ ಬೇರೇನನ್ನೋ ನೆನೆಯುತ್ತಿತ್ತು: ಬೆಳಿಗ್ಗೆ ಮೇಡಂ ಖಾಲಿ ಬೆಂಚುಗಳಿಗೆ ಮುಖಮಾಡಿ ನಿಂತಿದ್ದ ರೀತಿ. ಹೇಳಿದರೆ ನಡಾವಳಿ ಕೈತಪ್ಪುತ್ತದೆ. ಹೇಳಿದರೆ ನಾಳೆಯಿಂದ ಮೊಗಸಾಲೆಯಲ್ಲಿ ಎಲ್ಲರೂ ಅವನ ಮುಖದ ಹತ್ತಿರ ಬಂದು, ಎಮ್ಮೆ ಕಾಯುವವರಂತೆ ಕೂಗುತ್ತಾರೆ. ಜಾಣಕಿವುಡಿನ ಜಾಣ ಅಳಿಸಿಹೋಗುತ್ತದೆ.

"ನನಗೆ," ಎಂದ.

ಆಮೇಲೆ ಕೋಣೆ ಮೌನವಾಯಿತೋ ತನ್ನ ಕಿವಿಯೇ ಪೂರ್ತಿ ಕೈಕೊಟ್ಟಿತೋ ಎಂದು ತಿಳಿಯದೆ ಒಬ್ಬೊಬ್ಬರ ಬಾಯನ್ನೂ ನೋಡಿದ. ಯಾರ ತುಟಿಯೂ ಅಲುಗುತ್ತಿರಲಿಲ್ಲ.

"ಯಾವಾಗಿಂದ?" ಕಾನೂನಿನ ಮೇಷ್ಟ್ರು, ಈಗ ಮೆಲ್ಲಗೆ.

"ವರ್ಷ ಎರಡಾಯ್ತು ಸಾರ್."

"ಮತ್ತೆ ಈ ನಡಾವಳಿಯೆಲ್ಲ?"

"ಎಲ್ಲವನ್ನೂ ತಾವೇ ಓದಿ ಸ್ಥಿರೀಕರಿಸಿದ್ದೀರಿ."

ಈಗ ಗದ್ದಲವೆದ್ದದ್ದು ಕಾಣಿಸಿತು. ಎರಡು ವರ್ಷದ ತೀರ್ಮಾನಗಳೆಲ್ಲ ಕಣ್ಣಮುಂದೆ ತೂಗಾಡಿದವರಂತೆ ಸದಸ್ಯರು ಒಬ್ಬರ ಕಡೆಗೊಬ್ಬರು ಬಾಗಿದರು. ರಸಾಯನಶಾಸ್ತ್ರದವರು ಕೈ ಬೀಸಿ, ಅವನಿಗೆ ಕೇಳಲೆಂದು ಗಂಟಲು ಹರಿದುಕೊಂಡು, "ನಿಮ್ಮ ಕಿವಿಗೆ ಏನೂ ಆಗಿಲ್ಲ ಬಿಡ್ರೀ! ಈ ಸಭೆ ಮಟ್ಟಿಗೆ ಸರಿಯಾಗೇ ಇದೆ!" ಎಂದರು. ಹೌದು ಹೌದು ಎಂದು ಹಲವು ತಲೆಗಳು ಆಡಿದವು. ಅವನ ಕಿವಿ ಸರಿಯಿದೆಯೆಂದು ಬಹುಮತದಿಂದ ನಿರ್ಧಾರವಾಗುವುದರಲ್ಲಿತ್ತು.

"ಸರಿಯಿಲ್ಲ ಸಾರ್," ಎಂದ ಅವನು. ಹೀಗೆ ಹೇಳುವಾಗ ತನ್ನ ದನಿ ಡ್ರೈವರನ ದನಿಯಷ್ಟೇ ದೊಡ್ಡದಾಗಿದ್ದಿರಬೇಕು, ಎಲ್ಲರೂ ಹಿಂದಕ್ಕೆ ಸರಿದು ಕೂತರು.

ಕಾನೂನಿನ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅವರ ಮುಖದಲ್ಲಿ ಎಂದೂ ಕಾಣದ ಒಂದು ಮೃದುತನವಿತ್ತು, ಆದರೆ ಹೇಳಿದ್ದು ಕಾನೂನನ್ನೇ. "ನೋಡಿ, ಕೋರ್ಸಿನಲ್ಲಿ ಕಲಿಯೋನೇ ಅದರ ಮೇಲ್ವಿಚಾರಕನೂ ಆಗೋಕಾಗಲ್ಲ. ಇದನ್ನ ತೆರೆದ್ರೆ ಸೊನ್ನೆಗಳ ಮೇಲ್ವಿಚಾರಣೆ ನೀವು ಬಿಡ್ಬೇಕಾಗುತ್ತೆ. ಇದೊಂದೇ ಅಲ್ಲ, ಎಲ್ಲಾನೂ. ಯೋಚನೆ ಮಾಡಿ."

ಈಜುಕೊಳದ ಅಂಚಿನಲ್ಲಿ ನಡುಗುತ್ತ ನಿಂತ ಐವತ್ತರ ಗಂಡಸರು, ಮುಕ್ಕಾಲನ್ನು ಅರ್ಧದಿಂದ ಕಳೆಯಲು ಹೋಗಿ ನಗುವ ಹೆಂಗಸರು, ಹಿಂದಿನ ಬೆಂಚಿನ ತನ್ನ ಜಾಗ. ಅವುಗಳನ್ನು ಇನ್ನೊಬ್ಬ ಯಾರೋ ಕೂತಲ್ಲೇ ಬರೆದು ಕಳಿಸಿಬಿಡುತ್ತಾನೆ. "ಬಿಡ್ತೀನಿ," ಎಂದ. ಹೇಳಿದ ಮೇಲೆ ಕೂತುಕೊಂಡ.

ಅಧ್ಯಕ್ಷರು ಮಾತಾಡಿದರು. ಪೆನ್ನು ತುಟಿಗೆ ಅಡ್ಡವಾಗಿತ್ತು. ಚಿಕ್ಕ ಮಾತು, ಹೇಳಿ ಮುಗಿಸಿ ಮುಂದಿನ ಹಾಳೆ ತಿರುವಿದರು. ಉಳಿದವರು ತಲೆ ತಗ್ಗಿಸಿ ತಮ್ಮ ತಮ್ಮ ಕಾಗದ ನೋಡತೊಡಗಿದರು. ಅವನ ಕೈ ರೂಢಿಯಂತೆ ಬರೆಯಲು ಹೊರಟಿತು. ಅಧ್ಯಕ್ಷರು ಹೇಳಬೇಕಾಗಿದ್ದದ್ದು ಏನೆಂದು ಅವನಿಗೆ ಗೊತ್ತಿತ್ತು, ಅದಕ್ಕೆ ತಕ್ಕ ಘನವಾದ ಒಂದು ವಾಕ್ಯವೂ ಸಿದ್ಧವಾಗಿತ್ತು, ಮುಂದಿನ ಸಭೆಯಲ್ಲಿ ಅದನ್ನು ಓದಿ ಎಲ್ಲರೂ ಸಂತೋಷಪಡುತ್ತಲೂ ಇದ್ದರು. ಹಾಳೆಗೆ ತಾಗಿದ ಲೇಖನಿಯನ್ನು ಅವನು ಎತ್ತಿದ.

"ಕೇಳಿಸಲಿಲ್ಲ ಸಾರ್. ಪೆನ್ನು ತೆಗೆದು ಇನ್ನೊಂದ್ಸಲ ಹೇಳಿ."

ಅಧ್ಯಕ್ಷರಿಗೆ ಹೀಗೆಂದವರು ಇರಲಿಲ್ಲವೇನೋ. ಅವರು ಪೆನ್ನನ್ನು ಒಮ್ಮೆ ನೋಡಿ ಮೇಜಿನ ಮೇಲಿಟ್ಟರು. ಇಷ್ಟು ವರ್ಷದಲ್ಲಿ ಅವನು ಅವರ ಬಾಯನ್ನು ಪೂರ್ತಿಯಾಗಿ ನೋಡಿದ್ದು ಆಗಲೇ. ಅಷ್ಟು ದೊಡ್ಡ ಹುದ್ದೆಗೆ ತೀರ ಸಣ್ಣದೆನಿಸುವ, ಕೆಳತುಟಿ ಕೊಂಚ ಮುಂದೆ ಚಾಚಿದ, ಅತ್ತು ಈಗಷ್ಟೇ ಸುಮ್ಮನಾದ ಮಗುವಿನಂಥ ಬಾಯಿ. ಅದು ತೆರೆಯಿತು. ಏನೂ ಹೇಳದೆ ಮುಚ್ಚಿತು. ತನ್ನನ್ನೇ ದಿಟ್ಟಿಸಿ ಕೂತ, ಕಣ್ಣು ಕೀಳದ ಈ ಮನುಷ್ಯನಿಗೆ ಅದೇ ಮಾತನ್ನು ಇನ್ನೊಮ್ಮೆ, ಮುಖ ಕೊಟ್ಟು, ನಿಧಾನವಾಗಿ ಹೇಳಬೇಕಾಗಿ ಬಂದದ್ದು ಅವರಿಗೆ ಕಷ್ಟವಾಗುತ್ತಿರುವುದು ಕಾಣುತ್ತಿತ್ತು.

"ಸೊನ್ನೆ ನಲವತ್ತು ನಡೀಲಿ," ಎಂದರು. "ಒಂದು ವರ್ಷ ನೋಡೋಣ."

ಕಾನೂನಿನ ಮೇಷ್ಟ್ರು ಗಕ್ಕನೆ ತಲೆಯೆತ್ತಿ ಅಧ್ಯಕ್ಷರ ಕಡೆ ನೋಡಿದರು. ರಸಾಯನಶಾಸ್ತ್ರದವರ ಬಾಯಿ ತೆರೆದೇ ಇತ್ತು. ಆ ಮುಖಗಳಿಂದ, ಮೊದಲು ಹೇಳಿದ್ದು ಇದಲ್ಲವೆಂದು ಅವನಿಗೆ ತಿಳಿಯಿತು. ಎರಡನೆಯ ಸಲ ಹೇಳಿದ್ದನ್ನು, ಹೇಳಿದ ಹಾಗೆಯೇ, ಒಂದಕ್ಷರ ಸೇರಿಸದೆ ಬರೆದುಕೊಂಡ. ಮೊದಲನೆಯದೇನೆಂದು ಯಾರನ್ನೂ ಕೇಳಲಿಲ್ಲ.